ಕೌಂಟರಿಗಲ್ಲ, ಗೋಡೌನಿಗೆ: ನ್ಯೂರೋಡೈವರ್ಜೆಂಟ್ ನೌಕರರ ಬಗ್ಗೆ ಒಂದು ಟಿಪ್ಪಣಿ

ನಮ್ಮ ಎಚ್‌ಆರ್ (ಮಾನವ ಸಂಪನ್ಮೂಲ) ಪೇಪರಿನ ಈ ಘಟಕ ಶುರುವಾದ ದಿನ, ದಾವಣಗೆರೆ ಯೂನಿವರ್ಸಿಟಿ ಇರುವ ತೋಳಹುಣಸೆಯ ಬಸ್ಸಿನಲ್ಲಿ ಒಂದೇ ನಗು. ನ್ಯೂರೋಡೈವರ್ಸಿಟಿಗೆ ಕನ್ನಡದಲ್ಲಿ 'ನರವೈವಿಧ್ಯ' ಅಂದಕೂಡಲೇ ಗೆಳೆಯನೊಬ್ಬನಿಗೆ ನೆನಪಾದದ್ದು ಬಸ್ ಸ್ಟ್ಯಾಂಡ್ ಗೋಡೆಯ 'ನರದೌರ್ಬಲ್ಯಕ್ಕೆ ಸಂಪರ್ಕಿಸಿ' ಬರಹ! ಅದಕ್ಕೇ ಇಲ್ಲಿ ನ್ಯೂರೋಡೈವರ್ಜೆಂಟ್ ಅಂತಲೇ ಬರೆಯುತ್ತೇನೆ. ಆಟಿಸಂ (ಸ್ವಲೀನತೆ), ಎಡಿಎಚ್‌ಡಿ (ಗಮನ ನಿಲ್ಲದಿರುವುದು, ಚಡಪಡಿಕೆ), ಡಿಸ್ಲೆಕ್ಸಿಯಾ (ಓದು-ಬರಹದ ತೊಡಕು) ಇರುವವರು ಇದರಲ್ಲಿ ಬರುತ್ತಾರೆ: ಕಂಡದ್ದನ್ನು ಕೇಳಿದ್ದನ್ನು ಮಿದುಳು ಜೋಡಿಸಿಕೊಳ್ಳುವ ರೀತಿ ಬಹಳ ಜನರಿಗಿಂತ ಬೇರೆಯಾದವರು. ನ್ಯೂರೋಡೈವರ್ಸಿಟಿ ಎಂಬ ಮಾತು 1990ರ ದಶಕದ ಕೊನೆಗೆ ಬಳಕೆಗೆ ಬಂತು. ಅದನ್ನು ಬಳಕೆಗೆ ತಂದವರಲ್ಲಿ ಒಬ್ಬರಾದ ಆಸ್ಟ್ರೇಲಿಯಾದ ಸಮಾಜಶಾಸ್ತ್ರಜ್ಞೆ ಜೂಡಿ ಸಿಂಗರ್ ಹೆಸರು ನೆನಪಿಟ್ಟರೆ ಎರಡು ಅಂಕಕ್ಕೆ ಸಾಕು.

ಇಂಥವರನ್ನು ಕೆಲಸಕ್ಕೆ ತಗೊಳ್ಳುವುದರ 'ಲಾಭಗಳು' ಅಂತ ಪ್ರಶ್ನೆ ಬಂದರೆ ಎಲ್ಲರೂ ಬರೆಯುವುದು ಒಂದೇ: ಏಕಾಗ್ರತೆ, ಸೂಕ್ಷ್ಮ ದೃಷ್ಟಿ, ಹೊಸ ಯೋಚನೆ. ತಪ್ಪೇನಿಲ್ಲ, ಆದರೆ ಹಾಗೆ ಬರೆದರೆ ಆಟಿಸಂ ಇದ್ದವರೆಲ್ಲ ಗಣಿತದ ಪ್ರಚಂಡರು ಅನ್ನೋ ಹಾಗಾಗುತ್ತದೆ. ಯಾವ ಕೆಲಸಕ್ಕೆ ಯಾರು ಹೊಂದುತ್ತಾರೆ ಎನ್ನುವುದರಲ್ಲಿ ಲಾಭ ಇದೆ. ನಾನು ಕಣ್ಣಾರೆ ಕಂಡದ್ದು ಹೇಳುತ್ತೇನೆ.

ಹೋದ ವರ್ಷ ರಜೆಯಲ್ಲಿ ದಾವಣಗೆರೆಯ ಒಂದು ಔಷಧಿ ಹೋಲ್‌ಸೇಲ್ ಅಂಗಡಿಯಲ್ಲಿ ಬಿಲ್ ಹಾಕುತ್ತಿದ್ದೆ. ಆಗ ಆಟಿಸಂ ಇರುವ ಹುಡುಗನೊಬ್ಬ ಸೇರಿದ. ಮೊದಲ ದಿನ ಕೌಂಟರಿಗೆ ಹಾಕಿದರು. ಮೂರು ಫೋನು, ಹೊರಗೆ ಟೆಂಪೊ ಹಾರ್ನು, ಮೆಡಿಕಲ್ ಶಾಪ್‌ನವರ ಕೂಗಾಟ. ಮಧ್ಯಾಹ್ನದ ಹೊತ್ತಿಗೆ ಹುಡುಗ ಕಿವಿ ಮುಚ್ಚಿಕೊಂಡು ಮೆಟ್ಟಿಲ ಮೇಲೆ ಕೂತಿದ್ದ. "ಇವ್ನು ನಮಗೆ ಆಗಂಗಿಲ್ಲ" ಅಂದರು ಸಾಹುಕಾರ್ರು. ಮರುದಿನ ಹಿಂದಿನ ಗೋಡೌನಿಗೆ ಕಳಿಸಿದರು.

ಅಲ್ಲಿನ ಕೆಲಸ ಬಿಲ್ಲಿನಲ್ಲಿರುವ ಬ್ಯಾಚ್ ನಂಬರೂ ಡಬ್ಬಿಯ ಮೇಲಿನದೂ ಒಂದೇನಾ ನೋಡುವುದು, ಎಕ್ಸ್‌ಪೈರಿ ಹತ್ತಿರ ಇರುವ ಮಾಲನ್ನು ಮುಂದಕ್ಕೆ ತರುವುದು. ನಾವು ನಾಲ್ಕನೇ ಡಬ್ಬಿಗೇ ಕಣ್ಣು ತೇಲಿಸುತ್ತೇವೆ. ಅವನು ನಲವತ್ತನೆಯದನ್ನೂ ಮೊದಲನೆಯದರ ಹಾಗೇ ನೋಡುತ್ತಿದ್ದ. ಒಂದು ಕಾರ್ಟನ್‌ನಲ್ಲಿ ಎರಡು ಬ್ಯಾಚ್ ಬೆರೆತಿದ್ದದ್ದು ಸಿಕ್ಕಿದ್ದು ಅವನಿಗೇ. ಔಷಧಿ ವ್ಯಾಪಾರದಲ್ಲಿ ಬ್ಯಾಚ್ ತಪ್ಪಿದರೆ ಮಾಲು ವಾಪಸ್ ಮಾಡುವಾಗ ಕಂಪನಿ ಜೊತೆ ಜಗಳವೇ.

ಆದರೆ "ಸ್ವಲ್ಪ ಹೊತ್ತು ಬಿಟ್ಟು ಆ ಮಾಲು ಕಳ್ಸಪ್ಪ" ಅಂದರೆ ನಿಂತುಬಿಡುತ್ತಿದ್ದ. ಎಷ್ಟು ಹೊತ್ತು? ಯಾವ ಮಾಲು? ಯಾರಿಗೆ? ಅದಕ್ಕೇ ಚೀಟಿ ಪದ್ಧತಿ ಬಂತು: ಪಾರ್ಟಿ ಹೆಸರು, ಐಟಂ, ಎಷ್ಟು ಗಂಟೆಗೆ. ಒಂದು ವಾರಕ್ಕೆ ಉಳಿದ ಹುಡುಗರೂ ಚೀಟಿ ಕೇಳತೊಡಗಿದರು, ಯಾಕೆಂದರೆ ಬಾಯಿಮಾತಿನಲ್ಲಿ ಅವರೂ ಎಡವುತ್ತಿದ್ದರು, ಬೈಗುಳ ತಿಂದು ಸುಮ್ಮನಿರುತ್ತಿದ್ದರು ಅಷ್ಟೆ. ಐದು ಅಂಕದ ಉತ್ತರಕ್ಕೆ ಈ ಅಂಶ ಖಂಡಿತ ಹಾಕಿ: ಒಬ್ಬರಿಗಾಗಿ ಮಾಡಿದ ಬದಲಾವಣೆ ಎಲ್ಲರ ಕೆಲಸ ಹಗುರ ಮಾಡಬಹುದು. ಖರ್ಚು ಎಷ್ಟು? ಒಂದು ಚೀಟಿ ಪುಸ್ತಕ.

ಸಂದರ್ಶನ ಮಾಡಿ ಆರಿಸಿದ್ದರೆ ಅವನನ್ನು ಖಂಡಿತ ತಗೊಳ್ಳುತ್ತಿರಲಿಲ್ಲ. ಮುಖ ನೋಡಿ ಮಾತಾಡುವುದಿಲ್ಲ, 'ನಿನ್ನ ಬಗ್ಗೆ ಹೇಳು' ಅಂದರೆ ಆಧಾರ್ ವಿಳಾಸ ಹೇಳುತ್ತಾನೆ. ಸಂದರ್ಶನ ಅಳೆಯುವುದು ಹೆಚ್ಚಾಗಿ ಸಂದರ್ಶನ ಕೊಡುವ ಚಾಲಾಕನ್ನೇ. ಡೆನ್ಮಾರ್ಕಿನ ಥಾರ್ಕಿಲ್ ಸೊನ್ನೆ, ಮಗನಿಗೆ ಆಟಿಸಂ ಇದೆಯೆಂದು ತಿಳಿದ ಮೇಲೆ, 2004ರಲ್ಲಿ ಆಟಿಸಂ ಇರುವವರಿಗೆ ಕೆಲಸ ಕೊಡುವ ಸ್ಪೆಷಲಿಸ್ಟರ್ನ್ ಎಂಬ ಸಂಸ್ಥೆ ಕಟ್ಟಿದರು. ಅಲ್ಲಿ ಅಭ್ಯರ್ಥಿಗಳ ಕೈಗೆ ಲೆಗೊ ರೋಬೋಟ್ ಕೊಟ್ಟು ಮಾಡಿ ತೋರಿಸಿ ಅಂದರು. ಜರ್ಮನಿಯ ಸಾಫ್ಟ್‌ವೇರ್ ಕಂಪನಿ ಎಸ್‌ಎಪಿ 2013ರಲ್ಲಿ, ಆಟಿಸಂ ಇರುವವರನ್ನು ಕೆಲಸಕ್ಕೆ ತಗೊಳ್ಳುವ 'ಆಟಿಸಂ ಅಟ್ ವರ್ಕ್' ಕಾರ್ಯಕ್ರಮ ಘೋಷಿಸಿತು. ಅದರ ಮೊದಲ ಪ್ರಯೋಗಗಳಲ್ಲಿ ಒಂದು ನಡೆದದ್ದು ನಮ್ಮ ಬೆಂಗಳೂರಿನಲ್ಲೇ.

'ಆಟಿಸಂ ಇದ್ದವರಿಗೆ ಸಂವಹನ ಬರಲ್ಲ' ಅಂತ ಮಾತ್ರ ಬರೆಯಬೇಡಿ. 2012ರಲ್ಲಿ ಬ್ರಿಟನ್ನಿನ ಸಂಶೋಧಕ ಡೇಮಿಯನ್ ಮಿಲ್ಟನ್ 'ಡಬಲ್ ಎಂಪಥಿ' ವಾದ ಮುಂದಿಟ್ಟರು: ಅರ್ಥವಾಗದಿರುವುದು ಎರಡೂ ಕಡೆಯ ತೊಂದರೆ. 2020ರಲ್ಲಿ ಸಂಶೋಧಕಿ ಕ್ಯಾಥರೀನ್ ಕ್ರಾಂಪ್ಟನ್ ತಂಡ 8 ಜನರ ಸರಪಳಿಯಲ್ಲಿ ಒಬ್ಬರಿಂದೊಬ್ಬರಿಗೆ ಕತೆ ದಾಟಿಸಿ ನೋಡಿತು, ನಾವು ಚಿಕ್ಕವರಿದ್ದಾಗ ಕಿವಿಯಲ್ಲಿ ಪಿಸುಗುಟ್ಟಿ ಆಡುತ್ತಿದ್ದೆವಲ್ಲ, ಹಾಗೇ. ಬರೀ ಆಟಿಸಂ ಇದ್ದವರ ಸರಪಳಿಯೂ, ಇಲ್ಲದವರ ಸರಪಳಿಯೂ ಸರಿಸುಮಾರು ಒಂದೇ ಥರ ಕತೆ ಉಳಿಸಿಕೊಂಡವು. ಕತೆ ಹೆಚ್ಚು ಸೋರಿದ್ದು ಎರಡೂ ಬೆರೆತ ಸರಪಳಿಯಲ್ಲಿ. ಗೋಡೌನಿನ ಚೀಟಿ ಮುಚ್ಚಿದ್ದು ಆ ತೂತನ್ನೇ.

ಕಾನೂನಿನ ಭಾಗ ಬೇಗ ಮುಗಿಸೋಣ. ಅಂಗವಿಕಲರ 1995ರ ಕಾಯ್ದೆಯ ಅಂಗವೈಕಲ್ಯಗಳ ಪಟ್ಟಿಯಲ್ಲಿ ಆಟಿಸಂ ಇರಲಿಲ್ಲ. 2016ರ ಕಾಯ್ದೆಯಲ್ಲಿ ಪಟ್ಟಿ 21ಕ್ಕೆ ಏರಿ ಆಟಿಸಂ, ನಿರ್ದಿಷ್ಟ ಕಲಿಕಾ ನ್ಯೂನತೆ (ಡಿಸ್ಲೆಕ್ಸಿಯಾ ಇದರಲ್ಲಿ ಬರುತ್ತದೆ) ಸೇರಿದವು. ಸರ್ಕಾರಿ ಹುದ್ದೆಗಳಲ್ಲಿ 4% ಮೀಸಲಾತಿ. ಇದರಲ್ಲಿ 1% ಆಟಿಸಂ, ಬೌದ್ಧಿಕ ಅಂಗವೈಕಲ್ಯ, ಕಲಿಕಾ ನ್ಯೂನತೆ, ಮಾನಸಿಕ ಕಾಯಿಲೆ, ಬಹುವಿಧ ಅಂಗವೈಕಲ್ಯ ಇವೆಲ್ಲಕ್ಕೂ ಸೇರಿ. ಮೀಸಲಾತಿಗೆ ಅಂಗವೈಕಲ್ಯ ಕನಿಷ್ಠ 40% ಇದೆ ಎಂಬ ಪ್ರಮಾಣಪತ್ರ ಬೇಕು. ಎಡಿಎಚ್‌ಡಿ ಈ 21ರಲ್ಲಿ ಇಲ್ಲ. ಸರಿ-ತಪ್ಪು ಗುರುತಿಸಿ ಅಂತ ಕೇಳಿದರೆ ಎಡವಬೇಡಿ. ಖಾಸಗಿಯಲ್ಲಿ ಮೀಸಲಾತಿ ಇಲ್ಲ, ಆದರೆ ಸಮಾನ ಅವಕಾಶ ನೀತಿ ಇರಬೇಕು. 20 ಅಥವಾ ಹೆಚ್ಚು ನೌಕರರಿದ್ದರೆ, ಅಂಗವಿಕಲರ ನೇಮಕಾತಿ, ಸೌಲಭ್ಯ ನೋಡಿಕೊಳ್ಳುವ ಸಂಪರ್ಕಾಧಿಕಾರಿಯೊಬ್ಬರು ಬೇಕು.

ನಮ್ಮ ಅಂಗಡಿಯಲ್ಲಿದ್ದವರು ಒಂಬತ್ತೇ ಜನ. ಸಂಪರ್ಕಾಧಿಕಾರಿಯ ಕೆಲಸ ಮಾಡಿದ್ದು ಹುಡುಗನ ಅಕ್ಕ. ಆ ಎರಡನೇ ದಿನ ಬೆಳಿಗ್ಗೆ ಬಂದು, "ಅಣ್ಣಾರೆ, ಬೈಬ್ಯಾಡ್ರಿ, ಬರ್ದು ಕೊಡ್ರಿ, ಮಾಡ್ತಾನೆ" ಅಂತ ಹಳೆ ಬಿಲ್ಲಿನ ಹಿಂದೆ ತಾನೇ ಮೊದಲ ಚೀಟಿ ಬರೆದು ತೋರಿಸಿದ್ದಳು.