ವಿಡಿಯೊವನ್ನು ಬಿಡಿಸುವ ಕೆಲಸ ಯಾರದ್ದು? ವರ್ಚುವಲ್ ಡೆಸ್ಕ್‌ಟಾಪ್‌ನ ಹಳೇ ತಕರಾರು

ವರ್ಚುವಲ್ ಡೆಸ್ಕ್‌ಟಾಪ್, ಅಂದರೆ ದೂರದ ಸರ್ವರ್‌ನಲ್ಲಿ ಓಡುವ ಕಂಪ್ಯೂಟರ್, ಮಾರುವವರು ಮೊದಲಿನಿಂದಲೂ ಹೇಳುತ್ತಾ ಬಂದ ಮಾತು ಒಂದೇ. ಡೇಟಾ ಎಲ್ಲಾ ಸರ್ವರ್‌ನಲ್ಲೇ ಇರುತ್ತದೆ, ನಿಮ್ಮ ಮೇಜಿನ ಮೇಲಿನ ಪೆಟ್ಟಿಗೆಗೆ ಬರುವುದು ಬರೀ ಪರದೆಯ ಚಿತ್ರ. ಮಲ್ಟಿಮೀಡಿಯಾ ರಿಡೈರೆಕ್ಷನ್, ಅಂದರೆ ಕಂಪ್ರೆಸ್ ಆದ ವಿಡಿಯೊವನ್ನು ಬಿಡಿಸಿ ಚಿತ್ರವಾಗಿಸುವ (ಡಿಕೋಡ್) ಕೆಲಸವನ್ನು ಸರ್ವರ್‌ನಿಂದ ನಿಮ್ಮ ಮಷೀನಿಗೆ ದಾಟಿಸುವುದು, ಬಂದಿದ್ದೇ ಈ ಮಾತನ್ನು ಸಡಿಲಿಸಿ.

1995ರಲ್ಲಿ ಸಿಟ್ರಿಕ್ಸ್ ಕಂಪನಿ ವಿಂಡೋಸ್ ಎನ್‌ಟಿ 3.51ರ ಮೇಲೆ ವಿನ್‌ಫ್ರೇಮ್ ತಂದಿತು, ಒಂದೇ ಸರ್ವರ್‌ನಲ್ಲಿ ಹಲವರು ದೂರದಿಂದ ಕೆಲಸ ಮಾಡುವ ಸಾಫ್ಟ್‌ವೇರ್ ಅದು. 1998ರಲ್ಲಿ ಮೈಕ್ರೋಸಾಫ್ಟ್‌ನ ಟರ್ಮಿನಲ್ ಸರ್ವರ್ ಬಂತು. ಆಗ ಜನ ಇದರಲ್ಲಿ ಮಾಡುತ್ತಿದ್ದದ್ದು ಲೆಕ್ಕಪತ್ರ, ಟೈಪಿಂಗ್. ಒಂದು ಅಕ್ಷರ ಒತ್ತಿದರೆ ಪರದೆಯ ಒಂದು ಮೂಲೆ ಬದಲಾಗುತ್ತದೆ, ಅಷ್ಟನ್ನು ಕಳಿಸಿದರೆ ಆಯ್ತು.

ವಿಡಿಯೊದಲ್ಲಿ ಹಾಗಲ್ಲ. 1920 x 1080 ಪಿಕ್ಸೆಲ್, ಪ್ರತಿಯೊಂದಕ್ಕೆ 24 ಬಿಟ್, ಸೆಕೆಂಡಿಗೆ 30 ಚಿತ್ರ. ಗುಣಿಸಿ ನೋಡಿ, ಸೆಕೆಂಡಿಗೆ ಸುಮಾರು 150 ಕೋಟಿ ಬಿಟ್! ಅದೇ ವಿಡಿಯೊ ಕಂಪ್ರೆಸ್ ಆದ ಫೈಲಿನಲ್ಲಿದ್ದರೆ ಕೆಲವು ಮೆಗಾಬಿಟ್ ಸಾಕು. ಹಿಂದಿನ ಪದ್ಧತಿಯಲ್ಲಿ ಸರ್ವರ್ ಆ ಫೈಲನ್ನು ಬಿಡಿಸಿ, ಬಂದ ಚಿತ್ರಗಳನ್ನು ಮತ್ತೆ ಒತ್ತಿ ಕಳಿಸಬೇಕಿತ್ತು. ಐವತ್ತು ಜನ ಒಟ್ಟಿಗೆ ತರಬೇತಿ ವಿಡಿಯೊ ಹಾಕಿದರೆ ಸರ್ವರ್ ಏದುಸಿರು ಬಿಡುತ್ತಿತ್ತು.

ಹಾಗಾದ್ರೆ ಫೈಲನ್ನೇ ಇದ್ದ ಹಾಗೆ ಕಳಿಸಿ, ಬಳಸುವವರ ಮಷೀನೇ ಬಿಡಿಸಿಕೊಳ್ಳಲಿ ಎಂಬ ಉಪಾಯ ಹೊಳೆಯಿತು. 2000ರ ದಶಕದಲ್ಲಿ ಸಿಟ್ರಿಕ್ಸ್ ಇದನ್ನು ಸ್ಪೀಡ್‌ಸ್ಕ್ರೀನ್ ಹೆಸರಲ್ಲಿ ಕೊಟ್ಟಿತು. 2009ರಲ್ಲಿ ವಿಂಡೋಸ್ 7 ಜೊತೆ ಬಂದ ಆರ್‌ಡಿಪಿ 7ರಲ್ಲೂ (ದೂರದ ಡೆಸ್ಕ್‌ಟಾಪ್‌ಗೆ ಸೇರಲು ಮೈಕ್ರೋಸಾಫ್ಟ್ ಬಳಸುವ ಪದ್ಧತಿ) ವಿಂಡೋಸ್ ಮೀಡಿಯಾ ಪ್ಲೇಯರ್‌ಗೆ ಈ ಸೌಲಭ್ಯ ಸಿಕ್ಕಿತು.

ಇದು ನಡೆಯುತ್ತಿದೆಯೋ ಇಲ್ಲವೋ ಅಂತ ತಿಳಿಯಲು ಒಂದು ಸುಲಭ ದಾರಿ ಇದೆ. ವಿಡಿಯೊ ಓಡುತ್ತಿರುವಾಗ ವರ್ಚುವಲ್ ಡೆಸ್ಕ್‌ಟಾಪ್ ಒಳಗಿನಿಂದಲೇ ಸ್ಕ್ರೀನ್‌ಶಾಟ್ ತೆಗೆಯಿರಿ. ವಿಡಿಯೊ ಇದ್ದ ಜಾಗ ಸಾಮಾನ್ಯವಾಗಿ ಖಾಲಿ ಅಥವಾ ಕಪ್ಪು. ಸರ್ವರ್ ಅಲ್ಲೊಂದು ಚೌಕ ಬಿಟ್ಟಿರುತ್ತದೆ, ಅದರ ಮೇಲೆ ಚಿತ್ರ ಅಂಟಿಸುವುದು ನಿಮ್ಮ ಮಷೀನ್. ಆ ಚೌಕದೊಳಗೆ ಏನಿದೆ ಅಂತ ಸರ್ವರ್‌ನ ಪರದೆಗೇ ಗೊತ್ತಿಲ್ಲ. ಭದ್ರತೆ ನೋಡಿಕೊಳ್ಳುವವರ ತಲೆನೋವು ಇಲ್ಲಿಂದಲೇ ಶುರು.

ಮೊದಲ ತಲೆನೋವು ತಂತಿಯದ್ದು, ಅಂದರೆ ವಿಡಿಯೊ ಹೋಗುವ ನೆಟ್‌ವರ್ಕ್ ದಾರಿಯದ್ದು. ವರ್ಚುವಲ್ ಡೆಸ್ಕ್‌ಟಾಪ್ ಮಾರುತ್ತಿದ್ದ ಇನ್ನೊಂದು ಕಂಪನಿ ವಿಎಂವೇರ್‌ನ ಹಳೆಯ ಕೈಪಿಡಿಗಳು ಇದನ್ನು ಮುಚ್ಚಿಡಲಿಲ್ಲ. ರಿಡೈರೆಕ್ಟ್ ಆದ ವಿಡಿಯೊ ಟಿಸಿಪಿ 9427 ಪೋರ್ಟಿನಲ್ಲಿ ಬೇರೆಯಾಗಿ ಹೋಗುತ್ತದೆ, ಅಪ್ಲಿಕೇಶನ್ ಮಟ್ಟದ ಎನ್‌ಕ್ರಿಪ್ಷನ್ ಇಲ್ಲ, ಸುರಕ್ಷಿತ ನೆಟ್‌ವರ್ಕ್‌ನಲ್ಲಿ ಮಾತ್ರ ಬಳಸಿ ಎಂದು ಬರೆದಿದ್ದರು. ಸೆಕ್ಯೂರ್ ಟನಲ್ (ಎನ್‌ಕ್ರಿಪ್ಟ್ ಆದ ದಾರಿ) ಹಾಕಿದರೂ ಕ್ಲೈಂಟ್‌ನಿಂದ, ಅಂದರೆ ಬಳಸುವವರ ಮಷೀನಿನಿಂದ, ನಡುವಿನ ಗೇಟ್‌ವೇ ಸರ್ವರ್‌ವರೆಗೆ ಮಾತ್ರ ರಕ್ಷಣೆ. ಅಲ್ಲಿಂದ ಡೆಸ್ಕ್‌ಟಾಪ್‌ವರೆಗಿನ ದಾರಿ ಬಯಲು. ಅದಕ್ಕೇ ಈ ಪಾಲಿಸಿ ಡೀಫಾಲ್ಟ್ ಆಗಿ ‘ನಿರಾಕರಿಸು’ ಎಂದೇ ಇರುತ್ತಿತ್ತು. ಒಳ್ಳೆಯ ನಿರ್ಧಾರ ಅಂತಲೇ ನನ್ನ ಅಭಿಪ್ರಾಯ. ಆದರೆ ಮೇಲಧಿಕಾರಿಯ ವಿಡಿಯೊ ತಡವರಿಸಿದ ದಿನ ಆ ಸ್ವಿಚ್ ‘ಅನುಮತಿಸು’ ಕಡೆಗೆ ತಿರುಗುವುದು ಎಷ್ಟು ಹೊತ್ತಿನ ಮಾತು, ಅಲ್ವಾ?

ಎರಡನೆಯದು ಬಿಡಿಸುವ ಸಾಫ್ಟ್‌ವೇರ್‌ನದ್ದು. ಸರ್ವರ್‌ನಿಂದ ಬಂದ ಫೈಲನ್ನು ನಿಮ್ಮ ಮಷೀನ್ ಬಿಡಿಸುತ್ತದೆ ಅಂದರೆ, ಆ ಫೈಲಿನಲ್ಲಿ ಕಿಡಿಗೇಡಿತನ ಇದ್ದರೆ ಪೆಟ್ಟು ಬೀಳುವುದೂ ನಿಮ್ಮ ಮಷೀನಿಗೇ. ವೆಬ್ ವಿಡಿಯೊ ತೋರಿಸುತ್ತಿದ್ದ ಅಡೋಬಿಯ ಫ್ಲ್ಯಾಶ್‌ನ ರಿಡೈರೆಕ್ಷನ್ ಕಾಲದಲ್ಲಿ ಇದು ತೀರಾ ಎದ್ದು ಕಂಡಿತು. ತೂತುಗಳಿಗೇ ಹೆಸರಾಗಿದ್ದ ಫ್ಲ್ಯಾಶ್ ಪ್ಲೇಯರನ್ನು ಪ್ರತಿ ಕ್ಲೈಂಟ್‌ನಲ್ಲೂ ಇಟ್ಟು ಸಾಕಬೇಕಿತ್ತು. 2020ರ ಡಿಸೆಂಬರ್ 31ಕ್ಕೆ ಅಡೋಬಿಯೇ ಫ್ಲ್ಯಾಶ್‌ಗೆ ಬೆಂಬಲ ನಿಲ್ಲಿಸಿತು. ದೂರದ ಸರ್ವರ್ ಕ್ಲೈಂಟ್ ಮೇಲೆ ತಿರುಗಿಬೀಳಬಹುದು ಎಂಬುದನ್ನು 2019ರಲ್ಲಿ ಭದ್ರತಾ ಕಂಪನಿ ಚೆಕ್ ಪಾಯಿಂಟ್‌ನ ಸಂಶೋಧಕರು ತೋರಿಸಿಕೊಟ್ಟರು. ಅವರು ಆರ್‌ಡಿಪಿ ಕ್ಲೈಂಟ್‌ಗಳಲ್ಲಿ ಒಟ್ಟು 25 ದೋಷ ಹುಡುಕಿದ್ದರು. ಮೈಕ್ರೋಸಾಫ್ಟ್ ಕ್ಲೈಂಟ್‌ನಲ್ಲಿ ಸಿಕ್ಕಿದ್ದು ಕ್ಲಿಪ್‌ಬೋರ್ಡ್‌ನ ದೋಷ, ವಿಡಿಯೊದ್ದಲ್ಲ. ಆದರೆ ಅಪಾಯ ಬರುವ ದಿಕ್ಕು ಅದೇ.

ಆಮೇಲೆ ವಿಡಿಯೊ ಎಲ್ಲಾ ಬ್ರೌಸರ್‌ಗೆ ಸೇರಿತು. 2017ರ ಆಸುಪಾಸಿನಲ್ಲಿ ಸಿಟ್ರಿಕ್ಸ್, ವಿಎಂವೇರ್ ಎರಡೂ ಎಚ್‌ಟಿಎಂಎಲ್5 (ಪ್ಲಗಿನ್ ಇಲ್ಲದೆ ಬ್ರೌಸರೇ ತೋರಿಸುವ) ವಿಡಿಯೊವನ್ನು ರಿಡೈರೆಕ್ಟ್ ಮಾಡಲು ಹೊರಟವು. ಸಿಟ್ರಿಕ್ಸ್‌ನಲ್ಲಿ ಇಡೀ ಪುಟವನ್ನೇ ಸರ್ವರ್ ಮೂಲಕ ತರಿಸಿ ಕ್ಲೈಂಟ್‌ನಲ್ಲಿ ತೋರಿಸಬಹುದು, ಇಲ್ಲವೇ ಕ್ಲೈಂಟೇ ಇಂಟರ್ನೆಟ್‌ನಿಂದ ನೇರ ತಂದುಕೊಳ್ಳಬಹುದು. ಎರಡನೆಯದು ಜಾಸ್ತಿ ಚುರುಕು. ಆದರೆ ಆ ಟ್ರಾಫಿಕ್ ಕಂಪನಿಯ ಪ್ರಾಕ್ಸಿ (ಇಂಟರ್ನೆಟ್ ಸಂಚಾರವನ್ನು ತಪಾಸಿಸುವ ಸರ್ವರ್) ಮೂಲಕ ಹೋಗುವುದಿಲ್ಲ. ಹೀಗಾಗಿ ಯಾವ ಸೈಟಿಗೆ ರಿಡೈರೆಕ್ಷನ್ ಬೇಕೋ ಆ ಪಟ್ಟಿಯೇ ಮುಖ್ಯ ಬೀಗವಾಯ್ತು. ಪಟ್ಟಿಯಲ್ಲಿ ಸುಮ್ನೆ ಒಂದು ನಕ್ಷತ್ರ ಚಿಹ್ನೆ ಹಾಕಿ ಎಲ್ಲಾ ಸೈಟಿಗೂ ಬಿಟ್ಟರೆ ಬೀಗ ಇದ್ದೂ ಇಲ್ಲದಂತೆ. ಇಂಥ ಪುಟ ತೋರಿಸಲು ಕ್ಲೈಂಟ್ ಜೊತೆ ಬರುವ ಕ್ರೋಮಿಯಂ ಎಂಜಿನ್ (ಕ್ರೋಮ್ ಬ್ರೌಸರ್‌ನ ತಳಹದಿ) ಕೂಡ ಒಂದು ಬ್ರೌಸರೇ. ಅದನ್ನು ಅಪ್‌ಡೇಟ್ ಮಾಡದೆ ಬಿಟ್ಟರೆ ಫ್ಲ್ಯಾಶ್ ಕಥೆಯೇ ಮತ್ತೆ ಶುರುವಾಗುತ್ತದೆ.

2020ರ ಮಾರ್ಚ್ ನಂತರ ಬೆಂಗಳೂರಿನ ಎಷ್ಟೋ ಕಾಲ್ ಸೆಂಟರ್‌ಗಳ ಕೆಲಸ ಮನೆಗಳಿಗೆ ಹೋಯಿತು. ವಿಡಿಯೊ ಜೊತೆಗೆ ಮಾತೂ ಈಗ ಇದೇ ದಾರಿ ಹಿಡಿದಿದೆ. ಮೈಕ್ರೋಸಾಫ್ಟ್‌ನ ಅಜೂರ್ ವರ್ಚುವಲ್ ಡೆಸ್ಕ್‌ಟಾಪ್‌ನಲ್ಲಿ ಎಡ್ಜ್ ಮತ್ತು ಕ್ರೋಮ್‌ಗೆ ಒಂದು ಎಕ್ಸ್‌ಟೆನ್ಷನ್ ಹಾಕಿದರೆ ವೆಬ್‌ಆರ್‌ಟಿಸಿ (ಬ್ರೌಸರ್‌ನಲ್ಲೇ ಮಾತಾಡುವ ತಂತ್ರ) ಕರೆಗಳೂ ರಿಡೈರೆಕ್ಟ್ ಆಗುತ್ತವೆ. ಕರೆ ಉದ್ಯೋಗಿಯ ಲ್ಯಾಪ್‌ಟಾಪ್‌ನಿಂದ ನೇರ ಟೆಲಿಫೋನಿ ಸರ್ವರ್‌ಗೆ ಹೋಗುತ್ತದೆ, ವರ್ಚುವಲ್ ಡೆಸ್ಕ್‌ಟಾಪ್ ಒಳಗೆ ಬರುವುದೇ ಇಲ್ಲ. ಧ್ವನಿ ಸ್ಪಷ್ಟ, ತಡವೂ ಕಮ್ಮಿ. ಹಾಗಾಗಿ ಬ್ಯಾಂಕು, ವಿಮೆಯಂಥ ಗ್ರಾಹಕರ ಕರೆ ಇದ್ದಲ್ಲಿ ಅಡ್ಮಿನ್‌ಗಳು ಡೆಸ್ಕ್‌ಟಾಪ್ ಪಾಲಿಸಿ ಜೊತೆ ಮನೆಯ ಲ್ಯಾಪ್‌ಟಾಪ್‌ನ ಪ್ಯಾಚ್, ಅದರ ಮೇಲಿನ ಹಿಡಿತ, ಕರೆ ಯಾವ ಸರ್ವರ್‌ನಲ್ಲಿ ರೆಕಾರ್ಡ್ ಆಗುತ್ತದೆ ಎಂಬುದನ್ನೂ ನೋಡಬೇಕಾಗಿದೆ. ಮೊದಲಾದರೆ ಆ ಪೆಟ್ಟಿಗೆಯಲ್ಲಿ ಏನಿದೆ ಅಂತ ಯಾರೂ ಕೇಳುತ್ತಿರಲಿಲ್ಲ.