ನಾರ್ಕ್ಯಾನ್ ಕೊಟ್ಟವರ ಮೇಲೆ ಕೇಸ್ ಬೀಳುತ್ತಾ?

ಪ್ರಶ್ನೆ: ಮಗ ಅಮೆರಿಕದಲ್ಲಿ ಎಂ.ಎಸ್. ಓದುತ್ತಿದ್ದಾನೆ. ಹಾಸ್ಟೆಲ್ ಗೋಡೆಯಲ್ಲಿ ನಾರ್ಕ್ಯಾನ್, ಅಂದರೆ ಡ್ರಗ್ಸ್ ಜಾಸ್ತಿಯಾದವರ ಮೂಗಿಗೆ ಹೊಡೆದು ಉಳಿಸುವ ಸ್ಪ್ರೇ, ಇಟ್ಟ ಪೆಟ್ಟಿಗೆ ಇದೆಯಂತೆ. ಡ್ರಗ್ಸ್ ಜಾಸ್ತಿಯಾಗಿ ಯಾರಾದರೂ ಬಿದ್ದಿದ್ದರೆ ಅದನ್ನು ಮುಟ್ಟೋಕೆ ಹೋಗಬೇಡ, ಆಮೇಲೆ ಕೋರ್ಟು ಕಚೇರಿ ಅಲೆಯಬೇಕಾಗುತ್ತದೆ ಎಂದಿದ್ದೇವೆ. ಸರಿ ತಾನೇ?

ಸರಿಯಲ್ಲ. ಹುಡುಗರು ವಿಮಾನ ಹತ್ತುವ ಕಾಲ ಬಂದರೆ ಸಾಕು, ಈ ಪ್ರಶ್ನೆಯೂ ಬರುತ್ತದೆ. ಮತ್ತೆ ಹೇಳುತ್ತೇನೆ, ಈ ಸಲವಾದರೂ ಮಗನಿಗೆ ಕಳಿಸಿ.

ಡಾಕ್ಟರ್ ಅಲ್ಲದವರು ಔಷಧ ಕೊಟ್ಟು ಹೆಚ್ಚುಕಮ್ಮಿಯಾದರೆ ತಪ್ಪು ನಮ್ಮ ತಲೆಗೆ ಬರುತ್ತದೆ ಎಂಬ ಭಯ ಇದು. ಒಂದು ಕಾಲಕ್ಕೆ ಅಮೆರಿಕದಲ್ಲೂ ಇತ್ತು. ಅದನ್ನು ಹೋಗಲಾಡಿಸಲು ನ್ಯೂ ಮೆಕ್ಸಿಕೊ ರಾಜ್ಯ 2001ರಲ್ಲೇ ಕಾನೂನು ಮಾಡಿತು. ಇವತ್ತು ನಲಾಕ್ಸೋನ್ (ನಾರ್ಕ್ಯಾನ್‌ನಲ್ಲಿರುವ ಔಷಧ) ಜನರ ಕೈಗೆ ಸಿಗಲೆಂದು ಎಲ್ಲ 50 ರಾಜ್ಯಗಳಲ್ಲೂ ಒಂದಲ್ಲ ಒಂದು ಕಾನೂನಿದೆ. ಒಳ್ಳೆಯ ಉದ್ದೇಶದಿಂದ, ದುಡ್ಡು ತೆಗೆದುಕೊಳ್ಳದೆ ಸಹಾಯಕ್ಕೆ ನಿಂತ ಸಾಮಾನ್ಯರಿಗೆ ರಕ್ಷಣೆ ಕೊಡುವುದು ಹೆಚ್ಚುಕಡಿಮೆ ಎಲ್ಲೆಡೆ ವಾಡಿಕೆ. ಪದಗಳು ರಾಜ್ಯದಿಂದ ರಾಜ್ಯಕ್ಕೆ ಬದಲಾಗುತ್ತವೆ. ತೀರಾ ಬೇಜವಾಬ್ದಾರಿಯಿಂದ ನಡೆದುಕೊಂಡರೆ ಮಾತ್ರ ರಕ್ಷಣೆ ತಪ್ಪಬಹುದು. ಪೊಟ್ಟಣದ ಮೇಲೆ ಬರೆದ ಹಾಗೆ ಮೂಗಿಗೆ ಒಂದು ಸಲ ಸ್ಪ್ರೇ ಮಾಡಿ, ಅಲ್ಲಿನ ತುರ್ತು ನಂಬರ್ 911ಕ್ಕೆ ಫೋನ್ ಮಾಡುವುದು ಬೇಜವಾಬ್ದಾರಿ ಅಲ್ಲ, ಅಲ್ವಾ?

"ಅವನು ತೆಗೆದುಕೊಂಡದ್ದು ಓಪಿಯಾಯ್ಡ್ ಅಲ್ಲದಿದ್ದರೆ?" ಇದು ಅದೇ ಭಯದ ಎರಡನೇ ಅವತಾರ. ಮೈಯಲ್ಲಿ ಹೆರಾಯಿನ್, ಫೆಂಟನಿಲ್ ತರಹದ ಓಪಿಯಾಯ್ಡ್ ಇಲ್ಲದಿದ್ದರೆ ನಲಾಕ್ಸೋನ್ ಏನೂ ಮಾಡುವುದಿಲ್ಲ. ಅದರಿಂದ ನಶೆ ಏರುವುದಿಲ್ಲ, ಚಟವೂ ಹತ್ತುವುದಿಲ್ಲ. 2023ರ ಮಾರ್ಚ್‌ನಲ್ಲಿ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 4 ಮಿಲಿಗ್ರಾಂ ನಾರ್ಕ್ಯಾನ್ ಸ್ಪ್ರೇಯನ್ನು ಚೀಟಿ ಇಲ್ಲದೆ ಮಾರಲು ಒಪ್ಪಿತು. ಅಂಗಡಿಯ ಶೆಲ್ಫಿನಿಂದ ಯಾರು ಬೇಕಾದರೂ ಕೊಳ್ಳಬಹುದಾದ ಔಷಧವನ್ನು ಡಾಕ್ಟರೇ ಕೊಡಬೇಕು ಎನ್ನುವುದರಲ್ಲಿ ಅರ್ಥವೇನಿದೆ?

ನಿಜ ಹೇಳಬೇಕೆಂದರೆ ಈ ಭಯ ಇಲ್ಲಿಂದಲೇ ಅವರ ಜೊತೆ ವಿಮಾನ ಹತ್ತಿದೆ. ಆಕ್ಸಿಡೆಂಟ್ ಆದವರನ್ನು ಆಸ್ಪತ್ರೆಗೆ ಸೇರಿಸಿದರೆ ಸ್ಟೇಷನ್ನಿಗೆ ಅಲೆಯಬೇಕು ಎಂದು ಕೇಳಿಕೊಂಡೇ ಬೆಳೆದವರು ನಾವು. ಇಲ್ಲೂ ಅದು ಹಳೇ ಮಾತಾಯಿತು. ಹಾಗೆ ನೆರವಾದವರನ್ನು ಕಾಪಾಡುವ ಕರ್ನಾಟಕದ ಕಾನೂನಿಗೆ 2018ರಲ್ಲೇ ರಾಷ್ಟ್ರಪತಿಗಳ ಅಂಕಿತ ಬಿದ್ದಿದೆ. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯಿದೆಗೂ ಅಂಥವರನ್ನು ಕಾಪಾಡುವ 134ಎ ಕಲಮು ಸೇರಿತು.

ಇನ್ನೊಂದು ಗೊಂದಲ. ಔಷಧ ಕೊಟ್ಟವರ ರಕ್ಷಣೆ ಒಂದು. 911ಕ್ಕೆ ಫೋನ್ ಮಾಡಿದವರ ಹತ್ತಿರ ಅಲ್ಪಸ್ವಲ್ಪ ಡ್ರಗ್ಸ್ ಸಿಕ್ಕರೆ ಸಿಗುವ ರಕ್ಷಣೆ ಬೇರೆ. ಎರಡನೆಯದನ್ನೂ ಮೊದಲು ತಂದದ್ದು ನ್ಯೂ ಮೆಕ್ಸಿಕೊವೇ, 2007ರಲ್ಲಿ. ಅದು ಎಲ್ಲಿ ಎಷ್ಟು ದೂರ ಕಾಯುತ್ತದೆ ಎನ್ನುವುದರಲ್ಲಿ ತುಂಬಾ ವ್ಯತ್ಯಾಸವಿದೆ. ವೀಸಾ ನೋಡಿಕೊಳ್ಳುವುದು ರಾಜ್ಯವಲ್ಲ, ಒಕ್ಕೂಟ ಸರ್ಕಾರ. ಸ್ಪ್ರೇ ಕೊಡುವುದು ಅಪರಾಧವೇ ಅಲ್ಲ, ಹಾಗಾಗಿ ಅದರಿಂದ ವೀಸಾಕ್ಕೆ ತೊಂದರೆಯಿಲ್ಲ. ತನ್ನ ಜೇಬಿನಲ್ಲೇ ಮಾಲು ಇದ್ದವನು ವಕೀಲರನ್ನು ಕೇಳಲಿ.

ಕೊಟ್ಟ ಮೇಲೆ ಅಲ್ಲೇ ಇರಬೇಕು. ಎರಡು ಮೂರು ನಿಮಿಷದಲ್ಲಿ ಎಚ್ಚರವಾಗದಿದ್ದರೆ ಹೊಸ ಸ್ಪ್ರೇ ತೆಗೆದು ಇನ್ನೊಂದು ಹೊಳ್ಳೆಗೆ ಹೊಡೆಯಬೇಕು. ಔಷಧದ ಬಲ 30ರಿಂದ 90 ನಿಮಿಷ ಅಷ್ಟೇ. ಅದು ಇಳಿದ ಮೇಲೆ ಉಸಿರು ಮತ್ತೆ ನಿಲ್ಲಬಹುದು. ಎದ್ದವನು ವಾಂತಿ ಮಾಡಬಹುದು, ನಿಮ್ಮ ಮೇಲೇ ರೇಗಬಹುದು. ಅದಕ್ಕೆಲ್ಲ ಬೇಜಾರು ಮಾಡಿಕೊಳ್ಳಬಾರದು.

ಕೇಳದಿದ್ದರೂ ಒಂದು ಮಾತು: ಸ್ಪ್ರೇಯನ್ನು ಕಾರಿನಲ್ಲೇ ಬಿಡಬಹುದಾ? ಟೆಕ್ಸಾಸ್ ಬೇಸಿಗೆಯಲ್ಲಿ ಬೇಡ, 40 ಡಿಗ್ರಿ ದಾಟಬಾರದು. ಮಿನ್ನೆಸೋಟಾ ಚಳಿಯಲ್ಲೂ ಬೇಡ. ಮೈನಸ್ 15ಕ್ಕಿಂತ ಕೆಳಗೆ ಹೋದರೆ ಹೆಪ್ಪುಗಟ್ಟಿ ಸ್ಪ್ರೇ ಆಗುವುದಿಲ್ಲ. ಕರಗಿದ ಮೇಲೆ ಬಳಸಬಹುದು, ಆದರೆ ಉಸಿರು ನಿಂತವನಿಗೆ ಅಷ್ಟು ಹೊತ್ತು ಕಾಯಲು ಆಗುವುದಿಲ್ಲ. ಬ್ಯಾಗಿನಲ್ಲಿ ಇಟ್ಟುಕೊಳ್ಳಲಿ.