ಎಕ್ಸ್-ಮೆನ್ '97 ನೋಡಲು ಮಾರ್ವೆಲ್ ಸಿನಿಮಾಗಳನ್ನೆಲ್ಲ ನೋಡಿರಬೇಕೇ?

ಪ್ರಶ್ನೆ: "ಎಕ್ಸ್-ಮೆನ್ '97ರ ಎರಡನೇ ಸೀಸನ್ ಬರುತ್ತಿದೆಯಂತೆ. ಒಟ್ಟಿಗೆ ಕೂತು ನೋಡೋಣ ಅಂತ ಮಗ ಹಟ ಹಿಡಿದಿದ್ದಾನೆ. ನಾನು ಮಾರ್ವೆಲ್ ಸಿನಿಮಾ ನೋಡಿರೋದು ಎರಡೋ ಮೂರೋ ಅಷ್ಟೇ. ಮೊದಲಿಂದ ಎಲ್ಲ ನೋಡಿಕೊಂಡು ಬರಬೇಕಾ? ಯಾವ ಆರ್ಡರ್‌ನಲ್ಲಿ?"

ಬೇಡ. ಒಂದು ಸಿನಿಮಾವನ್ನೂ ನೋಡಬೇಕಿಲ್ಲ. 2024ರ ಮಾರ್ಚ್‌ನಲ್ಲಿ ಮೊದಲ ಸೀಸನ್ ಬಂದಾಗಿನಿಂದ ಇದನ್ನು ಹೇಳುತ್ತಲೇ ಇದ್ದೇನೆ, ಈಗ ಎರಡನೆಯದರ ಸುದ್ದಿ ಬಂದ ಮೇಲೆ ಅದೇ ಪ್ರಶ್ನೆ ಮತ್ತೆ ಶುರುವಾಗಿದೆ. ಕೇಳುವವರ ಮೇಲೆ ನನಗೆ ಬೇಸರವಿಲ್ಲ. 'ನೋಡುವ ಮುಂಚೆ ಇವಿಷ್ಟು ನೋಡಿರಲೇಬೇಕು' ಅಂತ ಮಾರುದ್ದದ ಪಟ್ಟಿ ಮಾಡಿ ಹಂಚುವವರ ಮೇಲೆ ಇದೆ. ಆ ಪಟ್ಟಿ ನೋಡಿಯೇ ಎಷ್ಟೋ ಜನ ಈ ಸರಣಿಯ ಹತ್ತಿರ ಸುಳಿಯದೆ ಹೋದರು. ಇತ್ತೀಚಿನ ವರ್ಷಗಳಲ್ಲಿ ಬಂದ ಸೂಪರ್‌ಹೀರೋ ಕಥೆಗಳಲ್ಲಿ ಇಷ್ಟು ಗಟ್ಟಿಯಾದದ್ದು ಕಡಿಮೆ. ಅದನ್ನು ತಪ್ಪು ಮಾಹಿತಿಯ ದೆಸೆಯಿಂದ ಯಾರೂ ಕಳೆದುಕೊಳ್ಳಬಾರದು.

ಇದು ಯಾವುದರ ಮುಂದುವರಿಕೆ ಅಂತ ಮೊದಲು ತಿಳಿದುಕೊಳ್ಳಿ. 1992ರ ಅಕ್ಟೋಬರ್ 31ರಂದು ಅಮೆರಿಕದ ಫಾಕ್ಸ್ ಕಿಡ್ಸ್‌ನಲ್ಲಿ ಎಕ್ಸ್-ಮೆನ್ ಕಾರ್ಟೂನ್ ಸರಣಿ ಶುರುವಾಯಿತು. ಮ್ಯೂಟಂಟ್‌ಗಳ, ಅಂದರೆ ಜೀನ್‌ಗಳಲ್ಲಿನ ಬದಲಾವಣೆಯಿಂದ (ಮ್ಯೂಟೇಶನ್) ವಿಶೇಷ ಶಕ್ತಿ ಪಡೆದು ಹುಟ್ಟಿದವರ ತಂಡವೊಂದರ ಕಥೆ ಅದು. ಐದು ಸೀಸನ್, 76 ಕಂತು. 1997ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. ಎಕ್ಸ್-ಮೆನ್ '97 ಕೂಡ ಆನಿಮೇಶನ್ ಸರಣಿಯೇ, ಶುರುವಾಗುವುದು ಆ ಕಥೆ ನಿಂತ ಜಾಗದಿಂದ. ಅದೇ ಮನೆ, ಅದೇ ತಂಡ, ಅದೇ ಹಳದಿ ನೀಲಿ ಉಡುಪು, ಅದೇ ಶೀರ್ಷಿಕೆ ಸಂಗೀತ. ಮಾರ್ವೆಲ್ ಸಿನಿಮಾಗಳ ಸರಪಳಿ ಶುರುವಾದದ್ದು 2008ರಲ್ಲಿ, ಐರನ್ ಮ್ಯಾನ್‌ನಿಂದ. ಅಂದರೆ ಹಳೆಯ ಕಾರ್ಟೂನ್ ಮುಗಿದು ಹನ್ನೊಂದು ವರ್ಷ ಆದಮೇಲೆ. ಆ ಸಿನಿಮಾಗಳನ್ನು ನೋಡಿದರೆ ಇದು ಅರ್ಥವಾಗುತ್ತದೆ ಅನ್ನುವ ಮಾತಿಗೆ ಬುಡವೇ ಇಲ್ಲ.

ಆದರೂ ಈ ನಂಬಿಕೆ ಸಾಯುತ್ತಿಲ್ಲ. ನಂಬುವವರು ಕೊಡುವ ಕಾರಣಗಳನ್ನು ಒಂದೊಂದಾಗಿ ನೋಡೋಣ. ಅವರ ಸಾಕ್ಷಿಗಳೇ ಅವರ ವಿರುದ್ಧ ನಿಲ್ಲುತ್ತವೆ.

ಎಲ್ಲರೂ ಮೊದಲು ಹೇಳುವುದು 2022ರ ಡಾಕ್ಟರ್ ಸ್ಟ್ರೇಂಜ್ ಸಿನಿಮಾದ ಮಾತು. ಅದರಲ್ಲಿ ಪ್ಯಾಟ್ರಿಕ್ ಸ್ಟೀವರ್ಟ್ ಎಕ್ಸ್-ಮೆನ್ ತಂಡದ ಗುರು ಪ್ರೊಫೆಸರ್ ಎಕ್ಸ್ ಆಗಿ ಬರುತ್ತಾರೆ. ಕೂತಿರುವುದು ಕಾರ್ಟೂನಿನಲ್ಲಿದ್ದಂಥದೇ ತೇಲುವ ಹಳದಿ ಕುರ್ಚಿಯಲ್ಲಿ, ಹಿಂದೆ ಕೇಳುವುದು ಕಾರ್ಟೂನಿನದೇ ಸಂಗೀತ. 'ನೋಡಿ, ಎರಡನ್ನೂ ಜೋಡಿಸಿಬಿಟ್ಟರು' ಅಂತಾರೆ. ಆ ಪ್ರೊಫೆಸರ್ ಇರುವುದು ಎಲ್ಲಿ ಅಂತ ಸಿನಿಮಾವೇ ಹೇಳುತ್ತದೆ: 838 ಅನ್ನುವ ಸಂಖ್ಯೆಯ ಬೇರೊಂದು ಲೋಕದಲ್ಲಿ. ಸಿನಿಮಾಗಳ ಮುಖ್ಯ ಲೋಕಕ್ಕೇ ಆತ ಸೇರಿದವನಲ್ಲ. ಮೇಲಾಗಿ ಅದೇ ಸಿನಿಮಾದಲ್ಲಿ ಮಾಟಗಾತಿ ವಾಂಡಾ ಅವನ ಕತ್ತು ಮುರಿದು ಕೊಲ್ಲುತ್ತಾಳೆ. ಎಕ್ಸ್-ಮೆನ್ '97ರ ಪ್ರೊಫೆಸರ್ ಬದುಕಿದ್ದಾನೆ. ಇವರಿಬ್ಬರೂ ಒಬ್ಬನೇ ಆಗುವುದು ಹೇಗೆ? ಕುರ್ಚಿ, ಸಂಗೀತ ಎರಡೂ ಹಳೆಯ ಅಭಿಮಾನಿಗಳಿಗೆ ಕೊಟ್ಟ ಗೌರವ. ಮಿಸ್ ಮಾರ್ವೆಲ್ ಸರಣಿಯ ಕೊನೆಯ ಕಂತಿನಲ್ಲಿ ಅದರ ನಾಯಕಿ ಕಮಲಾಳಿಗೆ ನಿನ್ನ ಜೀನ್‌ಗಳಲ್ಲಿ ಏನೋ ಮ್ಯೂಟೇಶನ್ ಇದೆ ಅಂತ ಗೆಳೆಯ ಬ್ರೂನೋ ಹೇಳಿದಾಗ ಕೇಳಿಬರುವ ಕಾರ್ಟೂನ್ ಸಂಗೀತದ ತುಣುಕಿನದ್ದೂ ಅದೇ ಕಥೆ.

ಎರಡನೆಯ ಸಾಕ್ಷಿ ಕ್ಯಾಪ್ಟನ್ ಅಮೆರಿಕ. '97ರ ಏಳನೇ ಕಂತಿನಲ್ಲಿ ಅವನು ಬರುತ್ತಾನೆ. ಎಕ್ಸ್-ಮೆನ್ ತಂಡದ ರೋಗ್ ಅವನ ಸಹಾಯ ಕೇಳುತ್ತಾಳೆ. ಅವನು ಸರ್ಕಾರ, ಕಾನೂನು, ತಾಳ್ಮೆ ಅಂತ ಮಾತು ಶುರುಮಾಡುತ್ತಾನೆ. ತನ್ನವರನ್ನು ಕಳೆದುಕೊಂಡು ಉರಿಯುತ್ತಿರುವ ಅವಳಿಗೆ ಅದು ಬೇಕಿಲ್ಲ. ಅವನ ಗುರಾಣಿಯನ್ನು ಕಿತ್ತು ಬೀಸಿ ಎಸೆಯುತ್ತಾಳೆ; ಅದು ಹೋಗಿ ದೂರದ ಬೆಟ್ಟಕ್ಕೆ ಬಡಿಯುತ್ತದೆ. ಅವಳು ಅವನ ಕಡೆ ತಿರುಗಿಯೂ ನೋಡದೆ ಹಾರಿ ಹೋಗುತ್ತಾಳೆ. ಇಡೀ ಸೀಸನ್ನಿನಲ್ಲಿ ನನಗೆ ಬಹಳ ಇಷ್ಟವಾದ ದೃಶ್ಯಗಳಲ್ಲಿ ಇದೊಂದು. ಈಗ ಲೆಕ್ಕ ಹಾಕಿ. ಈ ಕಥೆ ನಡೆಯುವುದು, ಹೆಸರೇ ಹೇಳುವಂತೆ, 1997ರ ಆಸುಪಾಸಿನಲ್ಲಿ. ಸಿನಿಮಾಗಳ ಕ್ಯಾಪ್ಟನ್ ಅಮೆರಿಕ 1945ರಲ್ಲಿ ಹಿಮದಲ್ಲಿ ಹೂತುಹೋದವನು ಸಿಕ್ಕಿದ್ದು 2011ರಲ್ಲಿ. 1997ರಲ್ಲಿ ಅವನು ಮಂಜುಗಡ್ಡೆಯೊಳಗಿದ್ದ. ರೋಗ್ ಜೊತೆ ವಾದ ಮಾಡುತ್ತಿರುವುದು ಇನ್ನೊಬ್ಬ ಕ್ಯಾಪ್ಟನ್. ಕಾರ್ಟೂನು ನೋಡಿದವರಿಗೆ ಅವನ ಪರಿಚಯ ಹಳೆಯದು. 1997ರ 'ಓಲ್ಡ್ ಸೋಲ್ಜರ್ಸ್' ಕಂತಿನಲ್ಲಿ ಎರಡನೇ ಮಹಾಯುದ್ಧದ ಕಾಲದ ವೂಲ್ವರಿನ್ ಜೊತೆ ಬಂದು ಹೋದವನೇ ಅವನು.

ಸ್ಪೈಡರ್-ಮ್ಯಾನ್ ಬಂದನಲ್ಲ ಅಂತ ಕೇಳುವವರಿಗೂ ಇದೇ ಉತ್ತರ. ಸಿನಿಮಾಗಳ ಪೀಟರ್ ಪಾರ್ಕರ್ 1997ರಲ್ಲಿ ಹುಟ್ಟಿಯೇ ಇರಲಿಲ್ಲ. ಇಲ್ಲಿ ಕಾಣಿಸುವವನು 1994ರ ಸ್ಪೈಡರ್-ಮ್ಯಾನ್ ಕಾರ್ಟೂನಿನವನು. ಆ ಸರಣಿಗೆ ಎಕ್ಸ್-ಮೆನ್ ತಂಡ 1995ರಲ್ಲೇ ಅತಿಥಿಯಾಗಿ ಹೋಗಿಬಂದಿತ್ತು. ತೊಂಬತ್ತರ ದಶಕದ ಆ ಕಾರ್ಟೂನುಗಳಿಗೆ ಅವುಗಳದೇ ಒಂದು ಲೋಕವಿತ್ತು, ಪಾತ್ರಗಳು ಆ ಮನೆಯಿಂದ ಈ ಮನೆಗೆ ಓಡಾಡುತ್ತಿದ್ದವು. '97 ಅದನ್ನು ಉಳಿಸಿಕೊಂಡಿದೆ.

ಇವೆಲ್ಲಕ್ಕಿಂತ ದೊಡ್ಡ ಸಾಕ್ಷಿ ಕಥೆಯೊಳಗೇ ಇದೆ. '97ರ ಲೋಕದಲ್ಲಿ ಮ್ಯೂಟಂಟ್‌ಗಳು ಯಾರು ಅಂತ ಬೀದಿಯ ಮಗುವಿಗೂ ಗೊತ್ತು. ಅವರ ವಿರುದ್ಧ ಮೆರವಣಿಗೆಗಳಾಗುತ್ತವೆ, ಕಾನೂನುಗಳಾಗುತ್ತವೆ, ಸೆಂಟಿನೆಲ್ ಅನ್ನುವ ದೈತ್ಯ ಯಂತ್ರಗಳು ಅವರನ್ನು ಬೇಟೆಯಾಡುತ್ತವೆ. ಅವರದೇ ಆದ ಜೆನೋಶಾ ಅನ್ನುವ ದ್ವೀಪ ರಾಷ್ಟ್ರಕ್ಕೆ ವಿಶ್ವಸಂಸ್ಥೆಯ ಮಾನ್ಯತೆ ಸಿಗುತ್ತದೆ. ಸಿನಿಮಾಗಳ ಲೋಕದಲ್ಲಿ ಆ 'ಮ್ಯೂಟೇಶನ್' ಅನ್ನುವ ಸುಳಿವು ಬೀಳುವುದೇ 2022ರ ಮಿಸ್ ಮಾರ್ವೆಲ್‌ನಲ್ಲಿ, ಅದೂ ಇಬ್ಬರು ಗೆಳೆಯರ ಪಿಸುಮಾತಿನಲ್ಲಿ. ಎರಡೂ ಒಂದೇ ಲೋಕವಾಗಿದ್ದರೆ ಅವೆಂಜರ್ಸ್‌ನಲ್ಲಿ ಒಬ್ಬರಾದರೂ ಜೆನೋಶಾದ ಹೆಸರೆತ್ತಬೇಕಿತ್ತು.

ಇಷ್ಟಾದ ಮೇಲೂ 'ಎರಡೂ ಡಿಸ್ನಿಯವರದೇ, ಎರಡೂ ಮಾರ್ವೆಲ್ ಸ್ಟುಡಿಯೋಸ್‌ನದೇ' ಅನ್ನುವವರಿದ್ದಾರೆ. ಯಜಮಾನರು ಒಬ್ಬರೇ ಆದ ಮಾತ್ರಕ್ಕೆ ಕಥೆ ಒಂದೇ ಆಗುವುದಿಲ್ಲ. ಇದು ಸಿನಿಮಾಗಳ ಸರಪಳಿಯಲ್ಲಿಲ್ಲ ಅಂತ ಮಾರ್ವೆಲ್‌ನ ಟಿವಿ ಮತ್ತು ಆನಿಮೇಶನ್ ವಿಭಾಗದ ಮುಖ್ಯಸ್ಥ ಬ್ರಾಡ್ ವಿಂಡರ್‌ಬಾಮ್ ಅವರೇ ಹೇಳಿದ್ದಾರೆ. ನಮಗಂತೂ ಇದು ಕಷ್ಟದ ವಿಷಯವಾಗಬಾರದು. ಪಂಪನ ಭಾರತದಲ್ಲಿ ದ್ರೌಪದಿ ಅರ್ಜುನನೊಬ್ಬನ ಹೆಂಡತಿ, ಕುಮಾರವ್ಯಾಸನಲ್ಲಿ ಐವರ ಹೆಂಡತಿ. ಗದುಗಿನ ಭಾರತದ ವಾಚನ ಕೇಳಲು ಬಂದವರನ್ನು ಬಾಗಿಲಲ್ಲಿ ನಿಲ್ಲಿಸಿ 'ಪಂಪನನ್ನು ಓದಿಕೊಂಡು ಬಂದಿದ್ದೀರಾ' ಅಂತ ಯಾರೂ ಕೇಳುವುದಿಲ್ಲ. ಎಕ್ಸ್-ಮೆನ್‌ಗೆ ಮೂಲ 1963ರಲ್ಲಿ ಸ್ಟಾನ್ ಲೀ, ಜ್ಯಾಕ್ ಕರ್ಬಿ ಶುರುಮಾಡಿದ ಕಾಮಿಕ್ಸ್. ಕಾರ್ಟೂನಿನವರು ಅಲ್ಲಿಂದ ತಮಗೆ ಬೇಕಾದ್ದನ್ನು ತೆಗೆದುಕೊಂಡರು, ಸಿನಿಮಾದವರು ತಮಗೆ ಬೇಕಾದ್ದನ್ನು. 2000ದಿಂದ ಫಾಕ್ಸ್ ಮಾಡಿದ, ಹ್ಯೂ ಜ್ಯಾಕ್‌ಮನ್ ನಟಿಸಿದ ಎಕ್ಸ್-ಮೆನ್ ಸಿನಿಮಾಗಳು ಮತ್ತೂ ಬೇರೆ. ಅವನ್ನೂ ಈ ಸರಣಿಗಾಗಿ ನೋಡಬೇಕಿಲ್ಲ.

ಹಾಗಾದರೆ ಏನು ನೋಡಬೇಕು? '97ರ ಮೊದಲ ಸೀಸನ್ನಿನ ಹತ್ತು ಕಂತು, ಇದು ಕಡ್ಡಾಯ. ಎರಡನೇ ಸೀಸನ್ ನೇರವಾಗಿ ಅದರ ಕೊನೆಯ ದೃಶ್ಯಗಳಿಂದ ಮುಂದುವರಿಯಬೇಕು. ಹಳೆಯ ಸರಣಿಯ 76 ಕಂತನ್ನೂ ನೋಡಲು ಪುರುಸೊತ್ತಿದ್ದರೆ ಸಂತೋಷ, ಇಲ್ಲದಿದ್ದರೆ ಒಂಬತ್ತು ಸಾಕು. ಮೊದಲನೆಯದಾದ 'ನೈಟ್ ಆಫ್ ದಿ ಸೆಂಟಿನೆಲ್ಸ್'ನ ಎರಡು ಭಾಗ, ಎರಡನೇ ಸೀಸನ್ನಿನ ಆರಂಭದ 'ಟಿಲ್ ಡೆತ್ ಡೂ ಅಸ್ ಪಾರ್ಟ್'ನ ಎರಡು ಭಾಗ. ರೂಪ ಬದಲಿಸುವ ಮಾರ್ಫ್ ಯಾಕೆ ಹಾಗಿದ್ದಾನೆ, ಮಿಸ್ಟರ್ ಸಿನಿಸ್ಟರ್ ಯಾರು ಅನ್ನುವುದು ಅಲ್ಲಿ ತಿಳಿಯುತ್ತದೆ. ಆಮೇಲೆ 'ಬಿಯಾಂಡ್ ಗುಡ್ ಅಂಡ್ ಈವಿಲ್'ನ ನಾಲ್ಕು ಭಾಗ. ಅದರ ಖಳ ಅಪಾಕಲಿಪ್ಸ್. '97ರ ಕೊನೆಯ ಕಂತು ನೋಡಿದವರಿಗೆ ಇದನ್ನು ಯಾಕೆ ಹೇಳುತ್ತಿದ್ದೇನೆ ಅಂತ ಗೊತ್ತು, ನೋಡದವರಿಗೆ ಹೇಳುವುದಿಲ್ಲ.

ಒಂಬತ್ತನೆಯದು 'ಗ್ರಾಜುಯೇಶನ್ ಡೇ', ಹಳೆಯ ಸರಣಿಯ ಕೊನೆಯ ಕಂತು. ಬೇರೆ ಯಾವುದನ್ನು ಬಿಟ್ಟರೂ ಇದನ್ನು ಬಿಡಬೇಡಿ. ಪ್ರೊಫೆಸರ್ ಹಾಸಿಗೆ ಹಿಡಿದಿದ್ದಾನೆ. ಶಿಷ್ಯರು ಸುತ್ತ ನಿಂತಿದ್ದಾರೆ, ಒಬ್ಬೊಬ್ಬರಿಗೂ ಅವನು ಒಂದೊಂದು ಮಾತು ಹೇಳುತ್ತಾನೆ. ಅವನನ್ನು ಉಳಿಸಲು ಮನುಷ್ಯರ ಮೇಲಿನ ತನ್ನ ಯುದ್ಧವನ್ನೇ ಬದಿಗಿಟ್ಟು ಬರುವವನು ಮ್ಯಾಗ್ನೆಟೋ, ಅವನ ಆಜನ್ಮ ಎದುರಾಳಿ. '97ರ ಮೊದಲ ಕಂತಿನ ಕೊನೆಯಲ್ಲಿ ಅದೇ ಮ್ಯಾಗ್ನೆಟೋ, ಸತ್ತನೆಂದು ಎಲ್ಲರೂ ನಂಬಿರುವ ಪ್ರೊಫೆಸರ್ ಬರೆದಿಟ್ಟ ಉಯಿಲು ಹಿಡಿದು ಬಂದು 'ಇನ್ನು ಈ ಶಾಲೆ ನನ್ನದು' ಅಂದಾಗ ಎದೆ ಧಸಕ್ಕೆನ್ನಬೇಕಾದರೆ ಈ ಇಪ್ಪತ್ತೆರಡು ನಿಮಿಷ ನೋಡಿರಬೇಕು. ಚಿತ್ರಗಳ ಶೈಲಿ ಹಿಂದಿನ ಕಂತುಗಳಂತಿಲ್ಲವಲ್ಲ ಅಂತ ಗಾಬರಿಯಾಗಬೇಡಿ. ಕೊನೆಯ ಆರು ಕಂತುಗಳನ್ನು ಬೇರೆ ಸ್ಟುಡಿಯೋದಲ್ಲಿ, ಫಿಲಿಪೀನ್ಸ್‌ನಲ್ಲಿ ಮಾಡಿಸಿದ್ದರು.

ಮಗನ ವಯಸ್ಸು ನೀವು ಬರೆದಿಲ್ಲ. ಹಳೆಯದು ಶನಿವಾರ ಬೆಳಗ್ಗೆ ಮಕ್ಕಳಿಗೆಂದು ಮಾಡಿದ್ದು. '97 ಹಾಗಲ್ಲ, ಅಮೆರಿಕದಲ್ಲಿ ಅದಕ್ಕಿರುವುದು ಹದಿನಾಲ್ಕು ದಾಟಿದವರಿಗೆ ಅನ್ನುವ ರೇಟಿಂಗ್. ಐದನೇ ಕಂತು 'ರಿಮೆಂಬರ್ ಇಟ್' ಅಮೆರಿಕದ ಟಿವಿ ಪ್ರಶಸ್ತಿ ಎಮ್ಮಿಗೆ ನಾಮನಿರ್ದೇಶನಗೊಂಡ ಕಂತು, ಸಾಮೂಹಿಕ ಹತ್ಯೆಯ ಕಥೆ. ಚಿಕ್ಕವನಾದರೆ ಮೊದಲು ನೀವೊಬ್ಬರೇ ನೋಡಿ. ದೊಡ್ಡವನಾದರೆ ಜೊತೆಗೇ ನೋಡಿ, ಮುಗಿದ ಮೇಲೆ ಅವನು ಕೇಳುವ ಪ್ರಶ್ನೆಗಳಿಗೆ ಸಮಯ ಇಟ್ಟುಕೊಳ್ಳಿ.

ಎರಡನೇ ಸೀಸನ್ನಿಗೆ ಮಾರ್ವೆಲ್ ಹೇಳಿರುವುದು 2026ರ ಬೇಸಿಗೆ, ಅಂದರೆ ಅಮೆರಿಕದ ಜೂನ್‌ನಿಂದ ಆಗಸ್ಟ್. ಇಷ್ಟು ತಡ ಯಾಕೆ ಅಂತ ನೀವು ಕೇಳಿಲ್ಲ. ಆದರೆ ಈ ತಡವನ್ನು ನೋಡಿ 'ಏನೋ ಎಡವಟ್ಟಾಗಿದೆ' ಅಂತ ತೀರ್ಮಾನಿಸುವವರು ಬಹಳ, ಹಾಗಾಗಿ ಇದನ್ನೂ ಹೇಳಿಬಿಡುತ್ತೇನೆ. ಆನಿಮೇಶನ್‌ನಲ್ಲಿ ಮೊದಲು ದನಿ, ಆಮೇಲೆ ಚಿತ್ರ. ಕಲಾವಿದರು ಮಾತುಗಳನ್ನು ರೆಕಾರ್ಡ್ ಮಾಡಿದ ಮೇಲೆ ಆ ದನಿಗೆ ಸರಿಯಾಗಿ ಸ್ಟೋರಿಬೋರ್ಡುಗಳನ್ನು, ಅಂದರೆ ದೃಶ್ಯಗಳ ಕರಡು ಚಿತ್ರಗಳನ್ನು ಜೋಡಿಸಿ ಒರಟು ವಿಡಿಯೋ ಮಾಡುತ್ತಾರೆ. ಅದು ಒಪ್ಪಿಗೆಯಾದ ಮೇಲೆ ದಕ್ಷಿಣ ಕೊರಿಯಾಕ್ಕೆ, ಸೋಲ್‌ನ ಸ್ಟುಡಿಯೋ ಮೀರ್‌ಗೆ ಹೋಗುತ್ತದೆ. ಸೆಕೆಂಡಿಗೆ 24 ಫ್ರೇಮು. ಎರಡು ಫ್ರೇಮಿಗೆ ಒಂದು ಚಿತ್ರದಂತೆ ಹಿಡಿದರೂ ಸೆಕೆಂಡಿಗೆ 12. ಅರ್ಧ ಗಂಟೆಯ ಕಂತು ಪೂರ್ತಿ ಹೀಗೇ ಚಲಿಸಿದರೆ 21,600 ಚಿತ್ರ. ಪಾತ್ರ ಸುಮ್ಮನೆ ನಿಂತಿರುವ ಜಾಗಗಳಲ್ಲಿ ಉಳಿತಾಯ ಮಾಡುತ್ತಾರೆ, ಆದರೆ ಹೊಡೆದಾಟದಲ್ಲಿ ಅದು ಆಗುವುದಿಲ್ಲ.

ಅವಸರ ಮಾಡಿದರೆ ಏನಾಗುತ್ತದೆ ಅಂತ 1992ರಲ್ಲೇ ಗೊತ್ತಾಗಿತ್ತು. ಆಗಲೂ ಚಿತ್ರಗಳು ಬರುತ್ತಿದ್ದದ್ದು ಕೊರಿಯಾದಿಂದಲೇ. ಸೆಪ್ಟೆಂಬರ್‌ನಲ್ಲಿ ಶುರುವಾಗಬೇಕಿದ್ದ ಸರಣಿಯ ಮೊದಲ ಕಂತುಗಳು ತಪ್ಪುಗಳ ರಾಶಿಯಾಗಿ ಬಂದವು. ಅವನ್ನು ತಿದ್ದಿಸಲು ಸಮಯ ಹಿಡಿದು ಪ್ರಸಾರ ಅಕ್ಟೋಬರ್ ಕೊನೆಗೆ ಹೋಯಿತು. ಮುಂದೆಯೂ ಈ ಕಾಟ ತಪ್ಪಲಿಲ್ಲ. ಮೂರನೇ ಸೀಸನ್ನಿಗೆಂದು ಬರೆದ ಕೆಲವು ಕಂತುಗಳು ಮರುಚಿತ್ರಣಕ್ಕೆ ಹೋಗಿ 1996ರಲ್ಲಿ ಪ್ರಸಾರವಾದವು. ಹಳೆಯ ಸರಣಿ ನೋಡುವಾಗ ಕಥೆ ಹಿಂದುಮುಂದಾದಂತೆ ಅನ್ನಿಸಿದರೆ ಕಾರಣ ಇದೇ.

ದನಿಯ ವಿಷಯ ಬಂತಲ್ಲ, ಇದೊಂದನ್ನು ಗಮನಿಸಿ. ಸೈಕ್ಲಾಪ್ಸ್‌ಗೆ ದನಿಯಾಗಿದ್ದ ನಾರ್ಮ್ ಸ್ಪೆನ್ಸರ್ 2020ರಲ್ಲಿ ತೀರಿಕೊಂಡರು. ಈಗ ಆ ಪಾತ್ರ ರೇ ಚೇಸ್ ಅವರದು. ವೂಲ್ವರಿನ್‌ನ ಕ್ಯಾಲ್ ಡಾಡ್, ಬೀಸ್ಟ್‌ನ ಜಾರ್ಜ್ ಬೂಜಾ, ರೋಗ್‌ಳ ಲೆನೋರ್ ಜಾನ್ ಅವರಂತೂ ಹಳೆಯ ಸರಣಿಯವರೇ. ಲೆನೋರ್ ಜಾನ್ ನಡುವೆ ರಾಜಕೀಯಕ್ಕೆ ಹೋಗಿ ಹತ್ತು ವರ್ಷ ಕೆನಡಾದ ನೋವಾ ಸ್ಕೋಷಿಯಾ ಪ್ರಾಂತ್ಯದ ಶಾಸಕಿಯಾಗಿದ್ದರು, 2019ರಿಂದ 2021ರವರೆಗೆ ಕೆನಡಾದ ಸಂಸತ್ತಿನಲ್ಲಿದ್ದರು. ಕ್ಯಾಪ್ಟನ್ ಅಮೆರಿಕನ ಮೇಲೆ ರೋಗ್ ಸಿಡಿದೇಳುವಾಗ ಕೇಳುವುದು ಅವರ ದನಿ. ಮೊದಲು ಹಳೆಯ ಒಂಬತ್ತು, ಆಮೇಲೆ '97 ನೋಡುವವರು ಎರಡನ್ನೂ ಮೂಲ ಇಂಗ್ಲಿಷ್ ಆಡಿಯೋದಲ್ಲೇ ಇಟ್ಟುಕೊಳ್ಳಿ, ಬೇಕಿದ್ದರೆ ಸಬ್‌ಟೈಟಲ್ ಹಾಕಿಕೊಳ್ಳಿ.